ಬುಟ್ಟಿಗಿಲ್ಲದ ಮೈಲಿಗೆ

"ಥೂ, ಹಲ್ಕಟ್ ಬೋಳಿಮಗ್ನೇ! ಕೊಲೆ ಮಾಡಿ ಜೈಲಿನ್ ಅನ್ನ ತಿಂದವ, ಈಗ ಮದಿಮನಿ ಅನ್ನಕ್ಕೂ ಬಂದ್ಯನಾ?"

ಒಡೆಯ ಭೋಜರಾಜನ ಅಬ್ಬರಕ್ಕೆ ಹಿತ್ತಿಲಲ್ಲಿ ಹಂಡೆ ತಿಕ್ಕುತ್ತಿದ್ದ ಬಾಗಿಯ ಕೈ ನಿಂತಿತು. ಹಟ್ಟಿಯಾಚೆ, ಎಂಜಲೆಲೆಯ ಗುಂಡಿಯ ಪಕ್ಕ ಕೊರಗರ ಕರಿಯ ಕುಕ್ಕರಗಾಲಲ್ಲಿ ಕೂತಿದ್ದ. ಒಂಬತ್ತು ವರ್ಷ ಜೈಲಿನಲ್ಲಿದ್ದು ಕಳೆದ ತಿಂಗಳಷ್ಟೇ ಬಸ್ರೂರಿಗೆ ಬಂದವನು. ತಲೆ ಪೂರ್ತಿ ನೆರೆತಿತ್ತು.

"ಅನ್ನಕ್ಕೆ ಬುಟ್ಟಿ ಬೇಕ್ ಅಂದೇಳಿ ಕರ್ದಿದ್ರ್, ಒಡ್ಯಾ."

"ಬುಟ್ಟಿ ಕೊಟ್ಟ್ ಆಯ್ತಲ್ದಾ? ಪಂಕ್ತಿ ಎದ್ದ್ ಮೇಲೆ ಉಳ್ದದ್ದ್ ಹಾಕ್ತ್ರ್. ಅಲ್ಲಿವರಿಗ್ ಆ ದರಿದ್ರ ಮೋರಿ ಯಾರಿಗೂ ತೋರ್ಸ್ಬೇಡ."

ಒಳಗೆ ಅವನು ಹೆಣೆದ ಬುಟ್ಟಿಯಲ್ಲೇ ಪಂಕ್ತಿಗೆ ಅನ್ನ ಹೋಗುತ್ತಿತ್ತು. ಬುಟ್ಟಿಗೆ ಮೈಲಿಗೆಯಿಲ್ಲ, ನೋಡಿ! ಹೆಣೆದವನಿಗೆ ಮಾತ್ರ.

ಕರಿಯ ಕೊಲೆಗಾರನಲ್ಲವೆಂದು ಬಾಗಿಗೆ ಗೊತ್ತಿತ್ತು. ಒಡೆಯರ ಹುಲ್ಲಿನ ಬಣವೆಗೆ ಬೆಂಕಿ ಬಿದ್ದು ಕಾವಲಿಗಿದ್ದ ಆಳು ಗುಡ್ಡ ಸುಟ್ಟು ಸತ್ತನಲ್ಲ, ಆ ಮಧ್ಯಾಹ್ನ ಕರಿಯ ಇದ್ದದ್ದು ಹೊಳೆಯಲ್ಲಿ. ನೀರು ಇಳಿದ ಹೊತ್ತು ನೋಡಿ ಚಿಪ್ಪು ಹೆಕ್ಕಲು ಹೋದ ಬಾಗಿ, ಮರಳು ತೆಗೆದ ಗುಂಡಿಗೆ ಜಾರಿದ್ದಳು. ಎರಡು ಸಲ ಮುಳುಗಿದವಳ ಕೈ ಹಿಡಿದು ದಡಕ್ಕೆಳೆದವನು ಇದೇ ಕರಿಯ. "ನಾ ಮುಟ್ಟಿದೆ ಅಂದೇಳಿ ಯಾರಿಗೂ ಹೇಳ್ಬೇಡಿ, ಬಾಗಿಯಮ್ಮ" ಎಂದು ಅವನೇ ಬೇಡಿಕೊಂಡಿದ್ದ.

ಅವಳು ಹೇಳಲಿಲ್ಲ. ಕೋರ್ಟಿನಲ್ಲೂ ಹೇಳಲಿಲ್ಲ.

"ಕೊರಗನ್ ಸಂಗ್ತಿಗ್ ಹೊಳಿಯಂಗ್ ಇದ್ದೆ ಅಂದ್ರೆ ನಿನ್ನ್ ಮಗಳನ್ನ ಯಾರ್ ಮದಿ ಆತ್ರ್ ಹೆಣ್ಣೇ?" ಎಂದು ಒಡತಿ ಪ್ರಭಾವತಿ ಮನೆಗೇ ಬಂದು ಕೇಳಿದ್ದಳು. ಬೆಂಕಿ ಅವಳ ಮಗ ನಿತೇಶನ ಸಿಗರೇಟಿನದೆಂದು ಊರಿಗೇ ಗೊತ್ತಿತ್ತು; ಕೇಸು ಬಿದ್ದದ್ದು ಮಾತ್ರ ಕರಿಯನ ಮೇಲೆ. ಕರಿಯನ ಪರ ಸಾಕ್ಷಿಗೆ ಕರೆದಾಗ ಬಾಗಿ ಕಟಕಟೆ ಹತ್ತಿ, "ನಾ ಒಬ್ಳೇ ಇದ್ದಿದ್ದೆ. ಅವ್ನನ್ನ ಕಾಣ್ಲಿಲ್ಲ" ಅಂದುಬಿಟ್ಟಳು. ಕರಿಯ ಅವಳನ್ನೇ ನೋಡಿದ. ಬೈಯಲೂ ಇಲ್ಲ ಪುಣ್ಯಾತ್ಮ.

ಇವತ್ತು ಅದೇ ನಿತೇಶನ ಮದುವೆ. ಬಾಗಿಯ ಮಗಳು ನವ್ಯಶ್ರೀಗೂ ತಲ್ಲೂರಿನ ಗಂಡು ಗೊತ್ತಾಗಿದೆ. ಆ ಗಂಡಿನ ಅಪ್ಪ ಅಮ್ಮ ಹೊರಚಪ್ಪರದಲ್ಲಿ ಊಟಕ್ಕೆ ಕೂತಿದ್ದಾರೆ.

"ಆಚಿಗ್ ಸರಿಯಾ, ಕೊಲೆಗಡ್ಕ!" ಭೋಜರಾಜ ಕರಿಯನ ಬೆನ್ನಿಗೆ ಒದ್ದ.

ಬಾಗಿ ಎದ್ದಳು. ಮಸಿಗೈಯಲ್ಲೇ ಚಪ್ಪರಕ್ಕೆ ನುಗ್ಗಿ ಬಡಿಸುವವನ ಕೈಯಿಂದ ಅನ್ನದ ಬುಟ್ಟಿ ಕಿತ್ತುಕೊಂಡಳು.

"ಹ್ವಾಯ್, ಎಲ್ಲ ಕೇಳಿ! ಗುಡ್ಡ ಸತ್ತ್ ಹೊತ್ತಿಗ್ ಕರಿಯ ನನ್ನ್ ಸಂಗ್ತಿಗ್ ಹೊಳಿಯಂಗ್ ಇದ್ದಿದ್ದ. ಈ ಕೈ ಹಿಡ್ದ್ ಎಳ್ದ್ ನನ್ನ್ ಜೀವ ಉಳ್ಸಿದ. ಮಾನ ಹೋತ್ತ್ ಅಂದೇಳಿ ನಾ ಕೋರ್ಟಂಗೆ ಸುಳ್ಳ್ ಹೇಳ್ದೆ!"

"ಅಮ್ಮಾ, ಬಾಯ್ ಮುಚ್ಚ್!" ನವ್ಯಶ್ರೀ ಚೀರಿದಳು. ತಲ್ಲೂರಿನವರು ಅರ್ಧ ಊಟಕ್ಕೇ ಎದ್ದರು. ಪ್ರಭಾವತಿ, "ಇವ್ಳಿಗ್ ಮರ್ಲ್, ತಲಿ ಕೆಟ್ಟಿತ್ತ್!" ಎನ್ನುತ್ತ ವಾದ್ಯದವರಿಗೆ ಜೋರಾಗಿ ಬಾರಿಸಲು ಕೈಸನ್ನೆ ಮಾಡಿದಳು.

ಬಾಗಿ ಬುಟ್ಟಿಯನ್ನು ಗುಂಡಿಯ ಬಳಿಗೆ ಹೊತ್ತು ತಂದು ಕರಿಯನ ಮುಂದಿಟ್ಟಳು. "ನಾಳಿಗೆ ಕುಂದಾಪ್ರಕ್ಕೆ ಹೋಪ. ವಕೀಲ್ರ ಹತ್ರ ಎಲ್ಲ ಹೇಳ್ತೆ. ಏಳ್, ಕರಿಯ." ಕೈ ಚಾಚಿದಳು.

"ನನ್ನ್ ಹೆಣ್ತಿ ಹೋದ್ ವರ್ಷ ಸತ್ಲ್, ಬಾಗಿಯಮ್ಮ. ಗುಡ್ಡನ್ನ ನಾನೇ ಕೊಂದದ್ದ್ ಅಂದೇಳಿ ನಂಬ್ಕಂಡೇ ಸತ್ಲ್. ಅವ್ಳಿಗ್ ಹೇಳ್ಬೇಕಿತ್ತ್."

ಬಾಗಿಯ ಕೈ ಹಾಗೆಯೇ ಚಾಚಿತ್ತು. ಕರಿಯ ತನ್ನೆರಡೂ ಕೈಗಳನ್ನು ಕಂಕುಳೊಳಗೆ ಸಿಕ್ಕಿಸಿಕೊಂಡ.

"ಬ್ಯಾಡ. ಒಂದ್ ಸಲ ಮುಟ್ಟಿದ್ದೇ ಸಾಕ್," ಅಂದ.