ಒಂದು ಪಾಯಿಂಟ್ ಮೂರು ಆರು

ಚುಟುಕು ಸಾಹೇಬ ತಪ್ಪು ಕಾಲಂನಿಂದ ಅಂಕಿ ಎತ್ತಿಕೊಂಡಾಗ ಅಕ್ಕ ಅವನ ಬೆನ್ನ ಹಿಂದೆಯೇ ನಿಂತಿದ್ದಳು. ಅವನು ಕೂತಿದ್ದ ಕುರ್ಚಿ ಅವಳದು. ಬಂದವನೇ ಕೇಳದೆ ಕೂತು, ಅವಳ ಕಂಪ್ಯೂಟರಿನಲ್ಲಿ ಅವಳು ತೆಗೆದ ಫೈಲನ್ನು ಸರಸರನೆ ಕೆಳಕ್ಕೆ ಉರುಳಿಸುತ್ತಿದ್ದ. ಬಾವಿಗಳ ಹೆಸರು, ಬಾವಿಯಲ್ಲಿ ಅಳೆದ ನೀರಿನ ಮಟ್ಟ, ಕಂಪ್ಯೂಟರ್ ಮಾಡೆಲ್ ಲೆಕ್ಕ ಹಾಕಿ ಹೇಳಿದ ಮಟ್ಟ, ಎರಡರ ನಡುವಿನ ವ್ಯತ್ಯಾಸ, ಹೀಗೆ ಪುಟದ ಮೇಲೆ ಪುಟ. ಕೊನೆಗೆ ಜಲ್ಲಿ ಪದರದ ಸಾಲು ಸಿಕ್ಕಿತು. ಅವನ ಬೆರಳು ಪರದೆಯ ಮೇಲೆ ಒತ್ತಿ ನಿಂತಿತು.

"ಒಂದು ಪಾಯಿಂಟ್ ಮೂರು ಆರು. ಇಷ್ಟೇ ತಾನೆ? ಇದಕ್ಕೆ ಎಪ್ಪತ್ತು ಪುಟ ಬೇಕಿತ್ತಾ ಅಕ್ಕಾ?"

ಅಕ್ಕ ಬಾಯಿ ತೆರೆದಳು. ಆ ಕಾಲಂನಲ್ಲಿ ಇರುವುದು ನೇರ ಅಂಕಿಯಲ್ಲ, ಅದರ ಲಾಗ್. ಅಲ್ಲಿ ಒಂದು ಎಂದರೆ ಹತ್ತು, ಎರಡು ಎಂದರೆ ನೂರು. ಒಂದು ಪಾಯಿಂಟ್ ಮೂರು ಆರು ಎಂದರೆ ಇಪ್ಪತ್ಮೂರು. ನೆಲದಡಿಯ ಜಲ್ಲಿ ನೀರನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಎನ್ನುವ ಅಳತೆ ಅದು. ಸಾಹೇಬ ಎತ್ತಿಕೊಂಡ ಅಂಕಿಯಲ್ಲಿ ನೀರು ತೆವಳುತ್ತದೆ; ಫೈಲು ನಿಜವಾಗಿ ಹೇಳುತ್ತಿರುವ ಅಂಕಿಯಲ್ಲಿ ಓಡುತ್ತದೆ. ದಿನಾ ಈ ಫೈಲುಗಳ ಜೊತೆ ಏಗುವವರಿಗೆ ಇದು ಕಣ್ಣು ಮುಚ್ಚಿದರೂ ಗೊತ್ತು. ಕೆಲಸ ಬಿಟ್ಟು ಅಧಿಕಾರ ಹಿಡಿದವರು ಮೊದಲು ಮರೆಯುವುದೂ ಇದನ್ನೇ. ಹಿಂದೊಮ್ಮೆ ಅವನಿಗೆ ಇದನ್ನು ಕೈಹಿಡಿದು ಕಲಿಸಿದವಳು ಅಕ್ಕನೇ.

ತೆರೆದ ಬಾಯನ್ನು ಅವಳು ಹಾಗೇ ಮುಚ್ಚಿಕೊಂಡಳು.

ಕಾರಣವಿಲ್ಲದೆ ಮುಚ್ಚಿಕೊಳ್ಳಲಿಲ್ಲ. ಆ ಅಂತರ್ಜಲ ಆಫೀಸಿನ ಕಸಗುಡಿಸುವವರಿಂದ ಹಿಡಿದು ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಸಾಹೇಬನೂ ಅನ್ನುತ್ತಿದ್ದ, ಆದರೆ ಅವನ ಬಾಯಲ್ಲಿ ಆ ಮಾತಿಗೆ ಒಂದು ಮೊನಚು ಇರುತ್ತಿತ್ತು. ಅವಳಿಗೆ ಬರಬೇಕಿದ್ದ ಮೇಲಧಿಕಾರಿಯ ಕುರ್ಚಿ ಅವನಿಗೆ ಹೋದದ್ದನ್ನು ಅವಳು ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದಳು. ಹಾಕಿಕೊಳ್ಳಲಾಗದೆ ಉಳಿದದ್ದು ಆ ವಾರದ ಸಭೆ. ಅವಳು ಎದ್ದು ನಿಂತು ಮಾಡೆಲಿನ ಫಲಿತಾಂಶ ವಿವರಿಸಲು ಶುರು ಮಾಡಿದ್ದಳಷ್ಟೆ, ಅವನು ಕೈ ಅಡ್ಡ ಹಿಡಿದು, "ಚುಟುಕಾಗಿ, ಚುಟುಕಾಗಿ" ಎಂದ. ಅವನಿಗೆ ಆ ಹೆಸರು ಬಂದದ್ದೇ ಈ ಮಾತಿನಿಂದ. ಆಮೇಲೆ ಎಲ್ಲರ ಕಡೆ ತಿರುಗಿ, "ನಮ್ಮಕ್ಕನ್ನ ಕುಡಿಯೋಕೆ ನೀರು ಕೇಳಿದ್ರೆ ಬಾವಿ ತೋಡೋಕೆ ಶುರು ಮಾಡ್ತಾರೆ" ಎಂದ. ಕೋಣೆಗೆ ಕೋಣೆಯೇ ನಕ್ಕಿತು. ಮೊನ್ನೆ ಮೊನ್ನೆ ಸೇರಿದ ಹುಡುಗಿಯರೂ ನಕ್ಕರು. ನಗು ನಿಂತ ಮೇಲೆ ಅವನು ಇನ್ನೊಂದು ಸೇರಿಸಿದ: "ಸಮಿತಿ ಮುಂದೆ ನಾನೇ ಮಾತಾಡ್ತೀನಿ. ನೀವು ಹಿಂದೆ ಆರಾಮಾಗಿ ಕೂತ್ಕೊಳ್ಳಿ ಅಕ್ಕಾ, ಮೊಮ್ಮಗು ಬರೋ ಹೊತ್ತಲ್ಲಿ ಯಾಕೆ ಟೆನ್ಷನ್ನು?"

ಸಮಿತಿಯ ಮುಂದಿದ್ದ ಪ್ರಶ್ನೆ ಸಣ್ಣದಲ್ಲ. ಬಣ್ಣದ ಕಾರ್ಖಾನೆಯೊಂದು ತನ್ನ ಕೊಳಕು ನೀರನ್ನು ದಿಬ್ಬದ ಮೇಲಿನ ಹೊಂಡದಲ್ಲಿ ನಿಲ್ಲಿಸುತ್ತಿತ್ತು. ಹೊಂಡದ ತಳ ಒಂದೂವರೆ ವರ್ಷದಿಂದ ಸೋರುತ್ತಿತ್ತು. ದಿಬ್ಬದ ಕೆಳಗಿನ ಬಡಾವಣೆಗೆಲ್ಲ ಕುಡಿಯುವ ನೀರು ಹೋಗುವುದು ಅಲ್ಲಿನ ಮೂರು ಕೊಳವೆಬಾವಿಗಳಿಂದ. ಸೋರಿದ ನೀರು ಜಲ್ಲಿಯೊಳಗೆ ಹರಿದು ಬಾವಿ ಮುಟ್ಟಲು ಎಷ್ಟು ಕಾಲ ಬೇಕು? ಅಕ್ಕನ ಮಾಡೆಲ್ ಎರಡು ವರ್ಷ ಎನ್ನುತ್ತಿತ್ತು. ಹಾಗಿದ್ದರೆ ಈಗಲೇ ಹೊಂಡ ಮುಚ್ಚಬೇಕು, ಬಾವಿಗಳಿಗೆ ಬೀಗ ಹಾಕಬೇಕು. ಸಾಹೇಬ ಎತ್ತಿಕೊಂಡ ಅಂಕಿ ಇಟ್ಟು ಲೆಕ್ಕ ಹಾಕಿದರೆ ಅದೇ ಮೂವತ್ತನಾಲ್ಕು ವರ್ಷವಾಗುತ್ತಿತ್ತು. ಆ ಬಡಾವಣೆಯ ಎರಡನೇ ಅಡ್ಡರಸ್ತೆಯಲ್ಲಿ, ಮಹಡಿಯ ಮನೆಯಲ್ಲಿ, ಅಕ್ಕನ ಮಗಳೇ ಬಾಡಿಗೆಗಿದ್ದಳು. ಅವಳಿಗೆ ಐದು ತಿಂಗಳು.

ಇಷ್ಟೆಲ್ಲ ಗೊತ್ತಿದ್ದೂ ಬಾಯಿ ಮುಚ್ಚಿದವಳು ಎಂಥವಳು ಎಂದು ಕೇಳಬಹುದು. ಅಕ್ಕನ ಲೆಕ್ಕ ಬೇರೆಯೇ ಇತ್ತು. ಸಮಿತಿಯಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರಿದ್ದರು. ಯಾವ ವರದಿ ಬಂದರೂ ಹಿಡಿದು ಜಾಲಿಸುತ್ತಿದ್ದುದರಿಂದ ಅವರನ್ನು ಎಲ್ಲರೂ ಜರಡಿ ಎನ್ನುತ್ತಿದ್ದರು. ಜರಡಿಯ ಕಣ್ಣಿಗೆ ಈ ಅಂಕಿ ಬೀಳದೆ ಇರುವುದುಂಟೆ? ಪರದೆಯ ಮುಂದೆ ಸೂಟು ಹಾಕಿ ನಿಂತ ಸಾಹೇಬನನ್ನು ಅವರು ಎಲ್ಲರೆದುರು ಹಿಂಡುತ್ತಾರೆ. ಅವನು ತಡವರಿಸುತ್ತಾನೆ. ಆಗ ಹಿಂದಿನ ಸಾಲಿನಿಂದ ಅವಳು ಎದ್ದು, ತಣ್ಣಗೆ, ಚುಟುಕಾಗಿ, ಸರಿಯಾದ ಅಂಕಿ ಹೇಳುತ್ತಾಳೆ. ಬಾವಿಯ ಕೆಲಸವೂ ಆಗುತ್ತದೆ, ಅವನ ಚಳಿಯೂ ಬಿಡುತ್ತದೆ. ಇದನ್ನು ನೆನೆಸಿಕೊಂಡಾಗಲೆಲ್ಲ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಮನೆಯಲ್ಲಿ ಪಾತ್ರೆ ತೊಳೆಯುತ್ತ ಒಬ್ಬಳೇ ಆ ಮಾತನ್ನು ಹೇಳಿ ನೋಡಿಕೊಂಡಳು.

ಆ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಹೊರಗೆ ಹೋಗುವ ಪ್ರತಿ ಹಾಳೆಯ ಮೂಲೆಯಲ್ಲಿ 'ಪರಿಶೀಲಿಸಿದವರು' ಎಂದು ಒಂದು ಚೌಕ. ಮಾಡಿದವರು ಬೇರೆ, ನೋಡಿದವರು ಬೇರೆ ಇರಬೇಕು. ಸಭೆಯ ಹಿಂದಿನ ಸಂಜೆ ಸಾಹೇಬ ಹಾಳೆಯನ್ನು ಅವಳ ಮೇಜಿನ ಮೇಲೆ ಇಟ್ಟ.

"ಅಕ್ಕಾ, ಒಂದು ಗೀಚಿ ಬಿಡಿ."

ಗೀಚದಿದ್ದರೆ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದು ಕೇಳಿದರೆ ಆಟ ಮುಗಿಯಿತು. ಅಕ್ಕ ಗೀಚಿದಳು. ಸಹಿ ಎಂದಿನಷ್ಟೇ ದುಂಡಗೆ ಬಂತು. ಅದೇ ಅವಳಿಗೆ ಹೆಮ್ಮೆ ಎನಿಸಿತು, ನಾಚಿಕೆಗೇಡು.

ಸಮಿತಿಯ ಕೋಣೆಯಲ್ಲಿ ಉದ್ದನೆ ಮೇಜು, ಬಿಸ್ಕತ್ತಿನ ತಟ್ಟೆ, ತಣ್ಣಗಾದ ಟೀ. ಜರಡಿ ಆ ದಿನ ಒಳ್ಳೆ ಹುರುಪಿನಲ್ಲಿದ್ದರು. ಹೊಂಡದ ಆಳ ಎಷ್ಟು ಎಂಬ ಒಂದೇ ಪ್ರಶ್ನೆಗೆ ಕಾರ್ಖಾನೆಯ ಪ್ರತಿನಿಧಿಯ ಬೆವರಿಳಿಸಿ ಕೂರಿಸಿದ್ದರು. ಅದನ್ನು ನೋಡುತ್ತ ಹಿಂದಿನ ಸಾಲಿನಲ್ಲಿ ಅಕ್ಕನ ಮೈ ಬೆಚ್ಚಗಾಯಿತು. ಸಾಹೇಬ ಎದ್ದು ತನ್ನ ಒಂದೇ ಹಾಳೆಯನ್ನು ಪರದೆಗೆ ಹಾಕಿದ. ಮಧ್ಯದಲ್ಲಿ ದೊಡ್ಡಕ್ಷರದಲ್ಲಿ ಅಂಕಿ, ಕೆಳಗೆ 'ಮೂವತ್ತನಾಲ್ಕು ವರ್ಷ'.

ಜರಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನ್ರೀ, ಜಲ್ಲಿ ಪದರ ಅಂತೀರಿ. ಜಲ್ಲಿಗೆ ಒಂದು ಪಾಯಿಂಟ್ ಮೂರು ಆರು ತೀರಾ ಕಮ್ಮಿ ಆಗ್ಲಿಲ್ವಾ?"

ಅಕ್ಕ ಕುರ್ಚಿಯ ತುದಿಗೆ ಬಂದಳು. ಸಾಹೇಬನ ಮುಖ ಹುಳ್ಳಗಾಯಿತು. ಪರದೆ ನೋಡಿದ, ಕೈಲಿದ್ದ ಹಾಳೆ ನೋಡಿದ. ಹಾಳೆಯ ಮೂಲೆ ಕಣ್ಣಿಗೆ ಬಿದ್ದಿರಬೇಕು, ಮುಖಕ್ಕೆ ಮತ್ತೆ ರಕ್ತ ಬಂತು.

"ಸರ್, ಇದನ್ನ ನಮ್ಮಕ್ಕ ಚೆಕ್ ಮಾಡಿದ್ದಾರೆ. ಸಹಿ ಇದೆ ನೋಡಿ."

"ಯಾರು, ಈಯಮ್ಮನಾ?" ಜರಡಿ ಕತ್ತು ಹೊರಳಿಸಿ ಹಿಂದಿನ ಸಾಲಿನಲ್ಲಿ ಅವಳನ್ನು ಹುಡುಕಿದರು. ಅವರ ಮುಖ ಸಡಿಲವಾಯಿತು. "ನೀವು ನೋಡಿದ್ದೀರೇನಮ್ಮ?"

ಕೋಣೆ ಇಡೀ ತಿರುಗಿ ಅವಳನ್ನು ನೋಡಿತು. ಪಾತ್ರೆ ತೊಳೆಯುತ್ತ ಹೇಳಿಕೊಂಡಿದ್ದ ಮಾತು ಗಂಟಲಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ಆ ಮಾತು ಬೇರೆ ಪ್ರಶ್ನೆಗೆ ಉತ್ತರ. ಈ ಅಂಕಿ ಸರಿಯೇ ಎಂದು ಅವರು ಕೇಳಿದ್ದರೆ ಇಲ್ಲ ಎನ್ನಬಹುದಿತ್ತು. ನೋಡಿದ್ದೀರಾ ಎಂದು ಕೇಳುತ್ತಿದ್ದಾರೆ. ತಪ್ಪು ಎಂದರೆ ಮತ್ತೆ ಸಹಿ ಯಾಕೆ ಹಾಕಿದಿರಿ ಎಂಬುದೇ ಮುಂದಿನ ಪ್ರಶ್ನೆ, ಕೇಳುವವರು ಜರಡಿ.

"ನೋಡಿದ್ದೀನಿ ಸರ್" ಎಂದಳು.

"ಹಾಗಾದ್ರೆ ಮುಗೀತು ಬಿಡ್ರಿ. ಈಯಮ್ಮ ನೋಡಿದ ಮೇಲೆ ನಾನು ನೋಡೋದು ಏನಿದೆ? ನಾನು ಸರ್ವೀಸಲ್ಲಿದ್ದಾಗಿಂದ ಇವರ ಕೆಲಸ ಗೊತ್ತು, ಒಂದು ಚುಕ್ಕೆ ಆಚೀಚೆ ಆಗಲ್ಲ." ಜರಡಿ ಕಡತ ಮುಚ್ಚಿ ಬಿಸ್ಕತ್ತಿನ ತಟ್ಟೆ ಹತ್ತಿರ ಎಳೆದುಕೊಂಡರು.

ಹತ್ತು ಜನರ ಮುಂದೆ ಇಂಥ ಮಾತು ಅವಳಿಗೆ ಬಂದು ಎಷ್ಟು ಕಾಲವಾಗಿತ್ತೋ. ಹೊಂಡ ಇದ್ದ ಹಾಗೇ ಇರಲಿ, ಬಾವಿಗಳು ನಡೆಯಲಿ, ಐದು ವರ್ಷದ ಮೇಲೆ ಇನ್ನೊಮ್ಮೆ ನೋಡೋಣ ಎಂದು ನಿರ್ಣಯವಾಯಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಹೊರಗಿನ ಮೆಟ್ಟಿಲಲ್ಲಿ ಅವಳು ಸಾಹೇಬನನ್ನು ತಡೆದು ನಿಲ್ಲಿಸಿದಳು.

"ಆ ಅಂಕಿ ತಪ್ಪು. ಅದು ಲಾಗು. ಇಪ್ಪತ್ಮೂರು ಆಗ್ಬೇಕು. ಮೂವತ್ತನಾಲ್ಕಲ್ಲ, ಎರಡು ವರ್ಷ."

ಅವನು ಮೆಟ್ಟಿಲ ಕಂಬಿ ಹಿಡಿದುಕೊಂಡ. ಅವನಿಗೆ ತಕ್ಷಣ ಅರ್ಥವಾಯಿತು. ಕಲಿತದ್ದು ಎಲ್ಲೋ ಕೆಳಗೆ ಉಳಿದಿತ್ತು.

"ನಿಮಗೆ ಯಾವಾಗ ಗೊತ್ತಾಯ್ತು?"

ಅಕ್ಕ ಅವನ ಕೈಲಿದ್ದ ಹಾಳೆಯ ಮೂಲೆಯನ್ನು ನೋಡಿದಳು.

"ಅವತ್ತು ನನ್ನ ಹಿಂದೆ ನಿಂತಿದ್ರಲ್ಲ. ಆಗ್ಲೇ ಅಲ್ವಾ?" ಅವನ ಮುಖದಲ್ಲಿ ನಿಧಾನಕ್ಕೆ ಒಂದು ನಗು ಬಂತು, ಮೆಚ್ಚುಗೆಯ ಹಾಗೂ ಇತ್ತು. "ಅಬ್ಬಾ! ನಾನು ನಿಮ್ಮನ್ನ ಬರೀ ವಾಚಾಳಿ ಅಂದ್ಕೊಂಡಿದ್ದೆನಲ್ಲ ಅಕ್ಕಾ."

"ಈಗ್ಲಾದ್ರೂ ತಿದ್ದೋಣ. ಅಲ್ಲಿ ಜನ ಕುಡಿಯೋ ನೀರು ಅದು. ನನ್ನ ಮಗಳಿದ್ದಾಳೆ ಅಲ್ಲಿ."

"ತಿದ್ದೋಣ. ಯಾರು ಬೇಡ ಅಂದ್ರು? ಒಂದು ಪತ್ರ ಬರ್ಕೊಡಿ. ತಪ್ಪು ಅಂತ ಗೊತ್ತಿತ್ತು, ಗೊತ್ತಿದ್ದೇ ಸಹಿ ಹಾಕ್ದೆ, ಸಮಿತಿ ಕೇಳಿದಾಗ್ಲೂ ಹೌದು ಅಂದೆ ಅಂತ. ನನಗೂ ಪೆಟ್ಟು ಬೀಳತ್ತೆ, ಬೀಳ್ಲಿ. ನನಗೆ ಮರೆತಿತ್ತು, ನಿಮಗೆ ನೆನಪಿತ್ತು. ಅಷ್ಟೇ ವ್ಯತ್ಯಾಸ." ಎರಡು ಮೆಟ್ಟಿಲು ಇಳಿದು ತಿರುಗಿದ. "ಚುಟುಕಾಗಿ ಬರೀರಿ."

ಎಪ್ಪತ್ತು ಪುಟದ ಅಕ್ಕನಿಗೆ ಆ ಸಂಜೆ ಒಂದು ಸಾಲೂ ಬರೆಯಲಾಗಲಿಲ್ಲ. 'ಮಾನ್ಯರೇ' ಎಂದು ಬರೆದಳು, ಅಳಿಸಿದಳು. ಕೆಲಸ ಹೋಗುತ್ತದೆ ಎನ್ನುವುದು ಅಷ್ಟು ದೊಡ್ಡ ಮಾತಾಗಿರಲಿಲ್ಲ. ಜರಡಿ ಆ ಪತ್ರ ಓದುತ್ತಾರೆ, ಓದಿ ಕನ್ನಡಕ ತೆಗೆದು ಒರೆಸುತ್ತಾರೆ, ಅದನ್ನು ತಾಳುವುದು ಅವಳಿಂದ ಆಗುವ ಮಾತಲ್ಲ. ನಾಳೆ ಬರೆದರಾಯಿತು ಎಂದುಕೊಂಡು ಕಂಪ್ಯೂಟರ್ ಆರಿಸಿದಳು. ಮರುದಿನವೂ ಹಾಗೇ ಎಂದುಕೊಂಡಳು.

ಭಾನುವಾರ ಮಗಳ ಮನೆಗೆ ಹೋದಾಗ ಕ್ಯಾನ್ ನೀರಿನವನನ್ನು ಹಿಂದೆಯೇ ಕರೆದುಕೊಂಡು ಹೋದಳು. ಅವನು ಎರಡು ದೊಡ್ಡ ಕ್ಯಾನುಗಳನ್ನು ಹೆಗಲ ಮೇಲೆ ಹೊತ್ತು ಮಹಡಿ ಹತ್ತಿದ.

"ಇದೇನಮ್ಮಾ ಇದು?" ಮಗಳು ಬಾಗಿಲಲ್ಲೇ ನಿಂತಳು.

"ವಾರಕ್ಕೆರಡು ಸಲ ತಂದು ಹಾಕ್ತಾನೆ. ಇನ್ಮೇಲೆ ಇದನ್ನೇ ಕುಡಿ. ಅಡಿಗೆಗೂ ಇದೇ. ನಲ್ಲಿ ನೀರು ಗಡಸು, ಈ ಹೊತ್ತಲ್ಲಿ ಬೇಡ."

"ಗಡಸಾ?" ಮಗಳು ನಕ್ಕಳು. "ನಿಮ್ಮ ಆಫೀಸ್ನೋರೇ ಏನೂ ತೊಂದ್ರೆ ಇಲ್ಲ ಅಂತ ಹೇಳಿದ್ದಾರಲ್ಲ! ಇಲ್ಲಿ ಎಲ್ಲರೂ ಹೆದರಿ ಕ್ಯಾನ್ ತರಿಸೋಕೆ ಶುರು ಮಾಡಿದ್ರು. ನಾನೇ ಮನೆ ಮನೆಗೆ ಹೋಗಿ ಹೇಳಿ ಬಂದೆ. ನಮ್ಮಮ್ಮನೇ ನೋಡಿರೋದು, ಧೈರ್ಯವಾಗಿ ಕುಡೀರಿ ಅಂತ. ಈಗ ಅವರೆಲ್ಲ ಬಿಟ್ಟಿದ್ದಾರೆ. ನಮ್ಮನೇಲೇ ಕ್ಯಾನ್ ನೋಡಿದ್ರೆ ಏನಂದ್ಕೊಳ್ತಾರೆ?"

"ಅವರಿಗೆ ತೋರಿಸ್ಬೇಡ" ಎಂದಳು ಅಕ್ಕ. "ಮಂಚದ ಕೆಳಗಿಡು."

ಮಗಳ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತ ನಿಂತಿದ್ದಂತೆ ಅದು ತುಟಿಯಿಂದ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಏನನ್ನೂ ಕೇಳದೆ ಬಗ್ಗಿ ಒಂದು ಕ್ಯಾನನ್ನು ಎಳೆಯಲು ನೋಡಿದಳು.

"ನೀನು ಬಿಡು, ಭಾರ" ಎಂದು ಅಕ್ಕ ತಾನೇ ಎಳೆದಳು. ಎರಡನ್ನೂ ಮಂಚದಡಿ ತಳ್ಳಿ, ಚಾದರ ನೆಲ ಮುಟ್ಟುವಷ್ಟು ಇಳಿಬಿಟ್ಟು, ಏದುಸಿರು ಬಿಡುತ್ತ ಕಿಟಕಿಯ ಹತ್ತಿರ ಬಂದು ನಿಂತಳು. ಕೆಳಗೆ ಎದುರುಮನೆಯ ಹೆಂಗಸು ಅಂಗಳದ ನಲ್ಲಿ ತಿರುಗಿಸಿ ಬಿಂದಿಗೆ ಇಟ್ಟಿದ್ದಳು. ಸೊಂಟದ ಮೇಲಿದ್ದ ಮಗು ನೀರಿನ ಕಡೆ ಬಾಗಿ ಕೈ ಚಾಚುತ್ತಿತ್ತು. ಅವಳು ಬೊಗಸೆಯಲ್ಲಿ ಹಿಡಿದು ಅದಕ್ಕೆ ಕುಡಿಸಿದಳು. ಅದು ಚೀಪಿ ಚೀಪಿ ಕುಡಿದು ಇನ್ನೂ ಬೇಕೆಂದು ಅವಳ ಕೈ ಎಳೆಯಿತು. ತಲೆ ಎತ್ತಿದವಳಿಗೆ ಕಿಟಕಿಯಲ್ಲಿ ಅಕ್ಕ ಕಂಡಳು. ಒದ್ದೆ ಕೈಯನ್ನೇ ಎತ್ತಿ ಬೀಸಿ, ಮಗುವಿನ ಕೈಯನ್ನೂ ಹಿಡಿದು ಬೀಸಿಸಿದಳು.

ಅಕ್ಕ ಕೈ ಎತ್ತಿದಳು.