ಅರ್ಧ ಮಾತ್ರೆ

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಪದ್ಯದ ಮಾತ್ರೆ ಎಣಿಸಿ ಎಣಿಸಿ ಬೆರಳು ಸವೆಸಿದವರು ಕೊನೆಗೆ ಡಾಕ್ಟರ ಮಾತ್ರೆಗೆ ಸಿಕ್ಕಿಬಿದ್ದರಲ್ಲ, ಏನು ಹೇಳಲಿ! ಅತ್ತೆಯವರು ಹೋದ ದುಃಖದಲ್ಲಿ ನಿದ್ದೆ ಬರುತ್ತಿಲ್ಲವೆಂದು ನಾಲ್ಕು ದಿನಕ್ಕೆ ಕೊಟ್ಟ ಮಾತ್ರೆ, ರಾಜಾಜಿನಗರದ ಹೊಸ ಮನೆಗೆ ಬಂದು ವರ್ಷವಾದರೂ ಬಿಡಲಿಲ್ಲ; ರಾತ್ರಿಗೊಂದು ಇದ್ದದ್ದು ಎರಡಾಯಿತು. ಹೆಗಲೇರಿದ ಶನಿ!

ಬೆಳಿಗ್ಗೆ ಎದ್ದರೂ ಮಂಪರು. ಒಂದು ದಿನ ಪಾಠದ ನಡುವೆಯೇ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದರಂತೆ. ಇನ್ನೊಂದು ಸಲ ಹೀಗಾದರೆ ಮನೆಯಲ್ಲೇ ಮಲಗಿ ಎಂದರು ಹೆಡ್‌ಮಾಸ್ಟರು. ಇವರಿಗೆ ಕೆಲಸದ ಚಿಂತೆ, ನನಗೆ ಬೇರೆಯೇ ಭಯ. ಆ ನಿದ್ದೆಯಲ್ಲಿ ಎಷ್ಟು ಕರೆದರೂ ಓ ಅನ್ನುತ್ತಿರಲಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಿದೆಯೇ ಎಂದು ನೋಡುತ್ತಿದ್ದೆ.

"ಒಂದೇ ಸಲ ಬಿಡಬೇಡಿ ಮೇಷ್ಟ್ರೇ, ಅಪಾಯ. ನಾನು ಹೇಳ್ದಂಗೆ ಸ್ವಲ್ಪ ಸ್ವಲ್ಪ ಇಳಿಸಿ" ಎಂದರು ಡಾಕ್ಟರು.

ಅವತ್ತು ರಾತ್ರಿ ಎರಡರಲ್ಲಿ ಒಂದನ್ನು ಅಡಿಕೆ ಕತ್ತರಿಯಲ್ಲಿ ತುಂಡು ಮಾಡಿ ಒಂದೂವರೆ ಕೊಟ್ಟೆ. ಇವರ ಮುಖ ಅರಳಿತು.

"ಅಂಬುಜಾ, ಅರ್ಧ ಮಾತ್ರೆ ಉಳೀತು ಕಣೇ! ವ್ಯಾಕರಣದವರು ಸೂತ್ರದಲ್ಲಿ ಅರ್ಧ ಮಾತ್ರೆ ಉಳಿಸಿದ್ರೆ ಗಂಡುಮಗು ಹುಟ್ಟಿದಷ್ಟು ಖುಷಿ ಪಡ್ತಿದ್ರಂತೆ."

"ಮೊದ್ಲು ಮಲಗಿ, ಆಮೇಲೆ ಹೆರಿಗೆ" ಎಂದೆ.

ಮಲಗಿದರೆ ತಾನೆ! ಹೊರಳಾಡಿದರು, ರೇಗಿದರು, ಹುಳಿಗೆ ಉಪ್ಪಿಲ್ಲವೆಂದು ತಟ್ಟೆ ಸರಿಸಿದರು. "ಪೂರ್ತಿ ಕೊಡೇ, ಇದೊಂದು ದಿನ" ಎಂದು ಕೈ ಚಾಚಿದರು. ಕೊಡಲಿಲ್ಲ. ಸಂಜೆಯ ಕಾಫಿ ನಿಲ್ಲಿಸಿದೆ, ಮಾಗಡಿ ರಸ್ತೆಯುದ್ದಕ್ಕೂ ನಡೆಸಿದೆ, ಬೇಕಾದಷ್ಟು ಬೈಸಿಕೊಂಡೆ. ತಿಂಗಳುಗಳು ಕಳೆದು ಬರೀ ಅರ್ಧ ಮಾತ್ರೆಗೆ ಇಳಿಯಿತು. ಇನ್ನು ಅದನ್ನೂ ಬಿಡಬಹುದು ಎಂದರು ಡಾಕ್ಟರು. ಇವರಿಗೆ ಧೈರ್ಯವಿಲ್ಲ. ಅದಿಲ್ಲದೆ ಕಣ್ಣೇ ಮುಚ್ಚುವುದಿಲ್ಲ ಎಂದು ಹಟ.

ಒಂದು ಭಾನುವಾರ ಬೆಳಿಗ್ಗೆ ನೋಡುತ್ತೇನೆ, ನೀರಿನ ಲೋಟದ ಪಕ್ಕ ಅರ್ಧ ಮಾತ್ರೆ ಇಟ್ಟಲ್ಲೇ ಇದೆ! ನುಂಗುವುದನ್ನೇ ಮರೆತು ಮಲಗಿದ್ದಾರೆ.

"ಏನೂಂದ್ರೆ..." ಎಂದು ಮೆಲ್ಲಗೆ ಕರೆದೆ.

"ಊಂ... ಇನ್ನೊಂಚೂರು ಮಲಗ್ತೀನಿ ಕಣೇ" ಎಂದು ಮಗ್ಗುಲು ಬದಲಾಯಿಸಿದರು.

ಕರೆದರೆ ಓಗೊಡುವ ನಿದ್ದೆ! ಅಯ್ಯೋ ನನ್ನಪ್ಪಾ, ಎಷ್ಟು ದಿನವಾಗಿತ್ತು ಅದನ್ನು ಕಂಡು. ಅಲ್ಲೇ ನಿಂತು ಅತ್ತುಬಿಟ್ಟೆ.

ಅಷ್ಟರಲ್ಲಿ ಹೆಗ್ಗನಹಳ್ಳಿಯಿಂದ ಹಾಲು ತರುವ ಮುನಿತಾಯಮ್ಮ ಬಂದಳು. ಡಬ್ಬಿಯಿಂದ ಬೊಗಸೆ ಸಕ್ಕರೆ ತೆಗೆದು ಅವಳ ಸೆರಗಿಗೆ ಹಾಕಿದೆ.

"ಸಕ್ರೆ ಯಾಕ್ರಮ್ಮಾ?"

"ಗಂಡುಮಗು ಕಣೇ!"

ಅವಳು ನನ್ನ ನರೆತ ತಲೆ ನೋಡಿದಳು, ಹೊಟ್ಟೆ ನೋಡಿದಳು. "ಅಯ್ ಶಿವ್ನೇ! ಈ ವಯಸ್ನಾಗಾ? ಯಾವಾಗ್ರಮ್ಮಾ?" ಎಂದು ಕೂಗಿಯೇಬಿಟ್ಟಳು.

ಒಳಗಿನಿಂದ ಸಣ್ಣ ಗೊರಕೆ ಕೇಳಿಸುತ್ತಿತ್ತು. ನಾನು ಸೆರಗಿನಿಂದ ನಗು ಅದುಮಿಕೊಂಡೆ.

"ಶ್! ಮೆಲ್ಲಗೆ ಮಾತಾಡೇ. ಮಗು ಮಲಗಿದೆ."