ಮೂರನೆಯ ವಕೀಲ

ಅಮೆರಿಕದ ಬಫಲೋ ಪಟ್ಟಣದ ಆ ಕಚೇರಿಯಲ್ಲಿ ಬರ್ನೀಸ್ ಕೂರಲೇ ಇಲ್ಲ. ಬೂಟಿಗಂಟಿದ ಹಿಮವನ್ನೂ ಒರೆಸಲಿಲ್ಲ. ವಕೀಲ ಹಾಲರನ್‌ನ ಜಮಖಾನ ಹಾಳಾದರೆ ಹಾಳಾಗಲಿ.

"ಮೇಲಿನ ಕೋರ್ಟು ನಾವು ಗೆದ್ದ ತೀರ್ಪನ್ನ ತಿರುಗಿಸಿಬಿಡ್ತು," ಎಂದ ಅವನು.

"ತಿರುವಿ ಹಾಕೋಕೆ ಅದೇನು ಆಲೂಗಡ್ಡೆ ದೋಸೆನಾ?"

ಅವಳ ಗಂಡ ಕ್ಯಾಸ್ಮಿರ್, ಕಟ್ಟಡದ ಕೆಲಸಕ್ಕೆ ನಿಂತಿದ್ದ ತೂಗುಅಟ್ಟಣೆಯ ಸರಪಳಿ ತುಂಡಾಗಿ ಬಿದ್ದು ಸತ್ತಿದ್ದ. ಅಟ್ಟಣೆ ಕಟ್ಟಿದ್ದ ಕಂಪನಿಯವರು 'ಕುಡಿದು ಬಿದ್ದ' ಎಂದು ಊರಿಗೆಲ್ಲ ಸಾರಿದರು. ಮೊದಲ ವಕೀಲ ವಿಟ್ಲಾಕ್, 'ನಾನಿದ್ದೀನಿ' ಎನ್ನುತ್ತಲೇ ಕಂಪನಿಯ ಮೇಲೆ ದಾವೆ ಹೂಡುವ ಗಡುವು ದಾಟಿಸಿಬಿಟ್ಟ. ಆ ವಿಟ್ಲಾಕ್‌ನ ಮೇಲೆ ದಾವೆ ಹೂಡಿದವನೇ ಈ ಹಾಲರನ್. ಜ್ಯೂರಿಯವರು ಸರಪಳಿಯ ತುಂಡಾದ ಕೊಂಡಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ತಪ್ಪು ಸರಪಳಿಯದು, ಕ್ಯಾಸ್ಮಿರ್ ಕುಡಿದಿರಲಿಲ್ಲ, ಗೆಲ್ಲುವ ಕೇಸನ್ನು ವಿಟ್ಲಾಕ್ ಕೆಡಿಸಿದ ಎಂದರು. ಆ ವಾರ ಬರ್ನೀಸ್ ಚರ್ಚಿನ ಶುಕ್ರವಾರದ ಮೀನೂಟಕ್ಕೆ ತಲೆಯೆತ್ತಿ ಹೋಗಿದ್ದಳು.

"ಸರಪಳಿ ಯಾಕೆ ತುಂಡಾಯ್ತು ಅಂತ ಇಂಜಿನಿಯರ್ ಬಂದು ಹೇಳಬೇಕಿತ್ತಂತೆ," ಎಂದ ಹಾಲರನ್. "ಇಲ್ಲದಿದ್ರೆ ಹಳೇ ಕೇಸು ಗೆಲ್ತಿತ್ತು ಅಂತ ಸಾಬೀತಾಗಲ್ಲ. ಗೆಲ್ಲದ ಕೇಸನ್ನ ವಿಟ್ಲಾಕ್ ಕೆಡಿಸಿದ್ರೂ ನಿಮಗೆ ನಷ್ಟ ಇಲ್ಲವಂತೆ."

"ಇಂಜಿನಿಯರ್‌ನ ಯಾಕೆ ಕರೆಸಲಿಲ್ಲ?"

"ಕೊಂಡಿ ಎಲ್ಲರ ಕಣ್ಮುಂದೆ ಇತ್ತಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂದ್ಕೊಂಡೆ."

ಬರ್ನೀಸ್‌ಳ ಮೈಯೆಲ್ಲ ಉರಿಯಿತು. ಸಾಕ್ಷಿ ಹೇಳುವಾಗ ತನ್ನ ಮುಖವನ್ನೇ ಕಾಣದ ನ್ಯಾಯಾಧೀಶರು, ಎಲ್ಲೋ ದೂರ ಕೂತು, ಗಂಡನನ್ನು ಮತ್ತೆ ಕುಡುಕನನ್ನಾಗಿ ಮಾಡಿದ್ದರು. ಅವರ ಕೈಗೆ ಕತ್ತಿ ಕೊಟ್ಟವನು ಇಲ್ಲಿ ಟೈ ಸರಿಮಾಡಿಕೊಳ್ಳುತ್ತಿದ್ದ.

"ಹೇಳಲೇಬೇಕಾದ್ದು ಇನ್ನೊಂದಿದೆ," ಅವನ ದನಿ ಇಳಿಯಿತು. "ತಪ್ಪು ನಂದು. ನೀವು ನನ್ನ ಮೇಲೆ ದಾವೆ ಹಾಕಬಹುದು. ಬೇರೆ ವಕೀಲರನ್ನ ನೋಡಿ. ಗಡುವಿದೆ, ತಡ ಮಾಡಬೇಡಿ."

"ಅಲ್ಲಿ ಏನು ಸಾಬೀತು ಮಾಡಬೇಕು?"

"ನಾನು ಸರಿಯಾಗಿ ನಡೆಸಿದ್ರೆ ವಿಟ್ಲಾಕ್‌ನ ಸೋಲಿಸ್ತಿದ್ದೆ ಅಂತ. ವಿಟ್ಲಾಕ್ ಸರಿಯಾಗಿ ನಡೆಸಿದ್ರೆ ಕಂಪನಿಯನ್ನ ಸೋಲಿಸ್ತಿದ್ದ ಅಂತ."

"ಅಂದ್ರೆ ಕ್ಯಾಸ್ಮಿರ್ ಕುಡಿದಿರಲಿಲ್ಲ ಅಂತ ಜ್ಯೂರಿ ಇನ್ನೊಂದ್ಸಲ ಹೇಳಬೇಕು."

"ಹೌದು."

"ಕೊಂಡಿ ಕೊಡು." ಅವಳ ಮಾತಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು.

ಅವನು ಕಪಾಟಿನಿಂದ ತೆಗೆದುಕೊಟ್ಟ. ತುಕ್ಕು ಹಿಡಿದ ಆ ಕಬ್ಬಿಣವನ್ನು ಅವಳು ಕೈಚೀಲಕ್ಕೆ ಹಾಕಿದಳು.

"ಇಂಜಿನಿಯರ್ ಹತ್ರ ನಾನೇ ಹೋಗ್ತೀನಿ. ಈಗ ಹೇಳು, ಈ ಊರಲ್ಲಿ ನಿನ್ನ ಕಂಡ್ರೆ ಆಗದ ವಕೀಲ ಯಾರು?"

ಹಾಲರನ್ ಮೇಜಿನ ಮೇಲಿದ್ದ ಚೀಟಿಯೊಂದನ್ನು ಎಳೆದುಕೊಂಡ. ಅದರಲ್ಲಿ ಒಂದು ಹೆಸರು ಬರೆದುಕೊಟ್ಟ.

"ಫೋನ್ ನಂಬರೂ ಬರಿ," ಎಂದಳು ಬರ್ನೀಸ್.